ಅಕ್ಕನ ಪೀಪಾಯಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅಕ್ಕನ ವಿಷಯದಲ್ಲಂತೂ ಕೇಳುವುದೇ ಬೇಡ. ಭಾವ ತೀರಿಕೊಂಡ ಮೇಲೆ ಅವಳು ಯಾರ ಮನೆಗೂ ಬಂದವಳಲ್ಲ, ಅವಳ ಕೋಣೆಗೂ ನನ್ನನ್ನು ಬಿಟ್ಟರೆ ಯಾರೂ ಹೋದವರಲ್ಲ. ಅಲ್ಲಿ ಭಾವನ ಕುರ್ಚಿಯ ಮೇಲೆ ಸದಾ ಒಗೆದ ಬಟ್ಟೆಯ ರಾಶಿ. ಕರೆದಾಗಲೆಲ್ಲ ಒಂದೇ ಉತ್ತರ: "ಪೀಪಾಯಿ ಬಿಟ್ಟು ಹೇಗೆ ಬರ್ಲಿ?"

ಕಾರ್ಖಾನೆಯ ತಂಪು ನೀರಿನ ಕೊಳವೆಗಳನ್ನು ಕಾಯುವುದು ಅವಳ ಕೆಲಸ. ಕೊಳವೆಯೊಳಗಿನ ಕತ್ತಲಲ್ಲಿ ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತವಂತೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕಲ್ಲ, ಅಕ್ಕ ಇನ್ನೊಂದು ಬಗೆಯ ಬ್ಯಾಕ್ಟೀರಿಯಾವನ್ನು ಪೀಪಾಯಿಯಲ್ಲಿ ಬೆಳೆಸಿ ನೀರಿಗೆ ಬಿಡುತ್ತಿದ್ದಳು. ಅವು ಕೊಳವೆಯ ಒಳಮೈಗೆ ಲೋಳೆಯಾಗಿ ಅಂಟಿಕೊಂಡು ಕೆಟ್ಟವಕ್ಕೆ ಜಾಗ ಕೊಡುತ್ತಿರಲಿಲ್ಲ. ಆದರೆ ಪೀಪಾಯಿಗೆ ದಿನವೂ ಸಕ್ಕರೆ ನೀರು ಹಾಕಬೇಕು, ಮರೆತರೆ ಸತ್ತುಹೋಗುತ್ತವೆ. ಬಂಧುಗಳೆಲ್ಲ ಅವಳನ್ನು ಲೋಳೆಯಮ್ಮ ಎಂದು ಆಡಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಕೂತರೆ ಕೆಸರಿನ ವಾಸನೆ, ಅದೂ ನಿಜವೇ.

ನನ್ನ ಮಗಳ ಮದುವೆಗೆ ಬರದಿದ್ದರೆ ನಿನ್ನ ಮುಖ ನೋಡುವುದಿಲ್ಲ ಎಂದು ಹಟ ಹಿಡಿದೆ. ಕಾರ್ಖಾನೆಯ ಕಾವಲುಗಾರನಿಗೆ ಸಕ್ಕರೆ ಡಬ್ಬಿ ಒಪ್ಪಿಸಿ ಬಂದಳು. ಊಟದ ಸಾಲಿನ ಕೊನೆಯಲ್ಲಿ ಒಬ್ಬಳೇ ಕೂತು ಗಡಿಯಾರ ನೋಡುತ್ತಿದ್ದಳು. ನೋಡಿ ನನಗೆ ಮೈ ಉರಿಯಿತು.

ಅವಳನ್ನು ಬಿಟ್ಟುಬರಲು ನಾನೇ ಹೋದೆ. ಮನೆಗೂ ಹೋಗದೆ ನೆಟ್ಟಗೆ ಕಾರ್ಖಾನೆಗೆ ನಡೆದಳು. ಕಾವಲುಗಾರ ಬಾಗಿಲಲ್ಲೇ ಹಲ್ಲು ಬಿಟ್ಟುಕೊಂಡು ನಿಂತಿದ್ದ. ಪಾಪ, ಸಕ್ಕರೆ ನೀರು ತಪ್ಪದೆ ಹಾಕಿದ್ದ. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಅಮ್ಮಾವ್ರು ಬರುವಷ್ಟರಲ್ಲಿ ಚೊಕ್ಕವಾಗಿರಲಿ ಎಂದು ಅವತ್ತು ಬೆಳಿಗ್ಗೆ ಪೀಪಾಯಿ ಖಾಲಿ ಮಾಡಿ, ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿ, ಹೊಸ ನೀರು ತುಂಬಿದ್ದ. ತಳ ಫಳಫಳ ಹೊಳೆಯುತ್ತಿತ್ತು.

ನಾನಾಗಿದ್ದರೆ ಅವನ ಚರ್ಮ ಸುಲಿಯುತ್ತಿದ್ದೆ. ಅಕ್ಕ ಬೈಯಲಿಲ್ಲ. ಚೆನ್ನಾಗಿ ತೊಳೆದಿದ್ದೀಯ ಎಂದು ಹೇಳಿ ಕಳಿಸಿದಳು. ಆಮೇಲೆ ಭುಜದವರೆಗೆ ಕೈ ಇಳಿಬಿಟ್ಟು ಒಳಗೆಲ್ಲ ತಡಕಾಡಿದಳು. ಲೋಳೆ ಎಲ್ಲೂ ಉಳಿದಿರಲಿಲ್ಲ.

ಹೋದರೆ ಹೋಯಿತು, ಕಾರ್ಖಾನೆಯವರು ಹೊಸದು ತರಿಸುತ್ತಾರೆ, ಬೇರೆ ಯಾರಾದರೂ ಸಾಕಿಕೊಳ್ಳಲಿ, ನೀನು ನಮ್ಮಲ್ಲಿಗೆ ಬಂದಿರು ಎಂದೆ.

"ನಾನೊಂದಿನ ಬರ್ಲಿಲ್ಲ ಅಂದ್ರೆ ಸತ್ತುಹೋಗೋದು ಅಂತ ಇದೊಂದೇ ಇತ್ತು ಕಣೇ," ಎಂದಳು ಅಕ್ಕ.

"ನಾನಿಲ್ವೇನೇ?"

ಅವಳು ಒದ್ದೆ ಕೈ ಒರೆಸಿಕೊಂಡು ನನ್ನ ಕೆನ್ನೆ ತಟ್ಟಿದಳು. "ನಾನು ಬರ್ದಿದ್ರೆ ನಿನಗೆ ಸಿಟ್ಟು ಬರುತ್ತೆ. ಅಷ್ಟೇ."

ಆ ಮಾತಿಗೂ ನನಗೆ ಸಿಟ್ಟು ಬರಬೇಕಿತ್ತು. ಅಳು ಬಂತು.