ಸೋಮವಾರ ಹೂಡಿದ ಎತ್ತು

ಸೋಮವಾರ ಬಸವಣ್ಣನ ವಾರ, ಎತ್ತು ಹೂಡಬಾರದು.

ಇಳಕಲ್ಲಿನ ಮುಚ್ಚಿದ ಕ್ಲಬ್ಬಿನಿಂದ, ನಾಣ್ಯ ಹಾಕಿ ಗುಂಡು ಚಿಮ್ಮಿಸಿ ಆಡುವ ಅಪರೂಪದ ಹಳೆಯ ಯಂತ್ರವನ್ನು ಲಾರಿಯಲ್ಲಿ ತರುತ್ತಿದ್ದೆ. ಗುಡೂರಿನ ಹತ್ತಿರ ಗಾಲಿಗಳು ಎರಿಮಣ್ಣಿನಲ್ಲಿ ಹೂತವು. ಮೋಡ ಕವಿದಿತ್ತು, ತಾಡಪತ್ರಿ ಇರಲಿಲ್ಲ. ನೆನೆದರೆ ಯಂತ್ರದ ಕಥೆ ಮುಗಿಯಿತು.

ಪಕ್ಕದ ಹೊಲದಲ್ಲಿದ್ದ, ಹಣೆತುಂಬ ವಿಭೂತಿಯ ಗೌಡರು ಲಾರಿ ಎಳೆಸಲು ಎತ್ತು ಕೊಡಲು ಒಪ್ಪಲಿಲ್ಲ. "ನೀವೂ ನಮ್ಮವರ ಅದೀರಿ. ಸೋಮವಾರ ಅನ್ನೂದು ಗೊತ್ತಿಲ್ಲೇನ್ರಿ?" ಆಮೇಲೆ ಯಂತ್ರ ನೋಡಿ, "ನಂಗ ಒಂದಾಟ ಆಡಾಕ ಕೊಡ್ತೀರೇನು?" ಎಂದರು.

ಕೊಟ್ಟೆ. ಗೌಡರ ಆಳು ಎತ್ತು ಹೂಡಿದ. ನಮ್ಮ ಡ್ರೈವರ್ ಹುಸೇನಸಾಬ ಒಂದರ ಹೆಗಲ ಮೇಲಿನ ಹಸಿ ಹುಣ್ಣು ನೋಡಿ, "ಗೌಡ್ರ, ಇವುಕ್ಕ ವಾರಕ್ಕ ಒಂದ ಸೂಟಿರಿ," ಎಂದ.

"ಸಿಕ್ಕೊಂಡಿದ್ದು ನಿನ್ನ ಲಾರಿ ಐತಲೇ," ಎಂದರು ಗೌಡರು, ಗುಂಡಿನಿಂದ ಕಣ್ಣು ಕೀಳದೆ.

ಹುಸೇನಸಾಬ ನೊಗ ಇಳಿಸಿ, ಎತ್ತುಗಳನ್ನು ಬೇವಿನ ಗಿಡಕ್ಕೆ ಕಟ್ಟಿ, ತಾನೇ ಸಲಿಕೆ ಹಿಡಿದ.