ವರ್ನರ್ ಲಾಹ್ತಿಯವರ ಕಡೆಯ ಮುಳುಗು

ಸುಪೀರಿಯರ್ ಸರೋವರದ ದಡದ ನಮ್ಮೂರಿನಲ್ಲಿ ಅಂಚೆ ಹಂಚುತ್ತಿದ್ದ ವರ್ನರ್ ಲಾಹ್ತಿಯವರು, ೧೮೯೪ರ ನವೆಂಬರ್ ೨೧ರಂದು ಮುಳುಗಿದ ‘ಕ್ಲಾರಾ ಡೀನ್’ ಹಡಗನ್ನು ಮೂವತ್ತು ವರ್ಷ ನೀರಿಗಿಳಿದು ನೋಡಿದವರು. ಎಪ್ಪತ್ತು ತುಂಬಿದ ಮೇಲೆ ಇಳಿಯುವುದಿಲ್ಲವೆಂದು ಹೆಂಡತಿಗೆ ಮಾತು ಕೊಟ್ಟಿದ್ದರು. ೧೯೯೧ರ ಮೇ ೨೦, ಸೋಮವಾರ, ಅವರಿಗೆ ಉಳಿದಿದ್ದ ಕಡೆಯ ದಿನ, ಮರುದಿನವೇ ಹುಟ್ಟುಹಬ್ಬ.

ಕೊರೆಯುವ ಗಾಳಿಯಲ್ಲಿ, ದೋಣಿಯ ಮೇಲೆ, ಉಸಿರಾಟದ ಕೊಳವೆಯನ್ನು ಬಾಯಿಗಿಡಬಾರದು. ಉಸಿರಿನ ತೇವ ಒಳಗೆ ಹೆಪ್ಪುಗಟ್ಟಿ, ಬೆನ್ನಿನ ಸಿಲಿಂಡರಿನ ಗಾಳಿ ತಡೆಯಿಲ್ಲದೆ ಸೋರಿಹೋಗುತ್ತದೆ. ಹಾಗೆ ಮಾಡಿದವರು ಉಳಿದವರೆಲ್ಲ ಮೇಲೆ ಬರುವವರೆಗೆ ಕಾಯಬೇಕು. ಈ ನಿಯಮ ಮಾಡಿದವರು ವರ್ನರ್ ಅವರೇ. ಅಂದು ಸಂಭ್ರಮದಲ್ಲಿ ಬಾಯಿಗಿಟ್ಟವರೂ ಅವರೇ. ಗಾಳಿ ಬುಸ್ಸೆಂದು ಸೋರತೊಡಗಿತು.

“ಏನಜ್ಜಾ, ಹೊಸಬರ ಥರ ಆಡ್ತೀಯಲ್ಲ!” ದೋಣಿಯ ಒಡತಿ ಹಿಲ್ಮಾ ನಕ್ಕಳು. “ಹೋಗ್ಲಿ, ಕೊಳವೆಗೆ ಬಿಸಿನೀರು ಹುಯ್ದು ಈಗ್ಲೇ ಇಳಿ. ಅಲ್ಲಿ ಮಂಜು ಬರ್ತಿದೆ, ಆಮೇಲೆ ಆಗಲ್ಲ.”

“ಎಷ್ಟು ಜನರನ್ನ ಕೂರಿಸಿದೀನಿ ಕಣಮ್ಮ. ಇವತ್ತು ನಾನೂ ಕೂರ್ತೀನಿ.”

ಮಂಜು ಅರ್ಧ ಮೈಲಿ ದೂರದಲ್ಲೇ ನಿಂತಿತು. ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ಅವರ ಸರದಿ ಬಂತು. ಜೊತೆಗಾರನೊಬ್ಬನೊಡನೆ ಇಳಿದು, ಹಡಗಿನ ಅಡುಗೆಮನೆಯ ಒಲೆಯ ಮುಂದೆ ಸ್ವಲ್ಪ ಹೊತ್ತು ತೇಲಿ ಮೇಲೆ ಬಂದರು.

“ಏನು ಕಂಡೆ ಅಜ್ಜಾ?”

“ಒಲೆಯೊಳಗೊಂದು ಮೀನು ಸಂಸಾರ ಹೂಡಿದೆ ಕಣೇ. ಬೇಯೋ ಭಯಾನೇ ಇಲ್ಲ ಅದಕ್ಕೆ!”