ಯೀಸ್ಟಿಗೆ ಬೀಗರ ಊಟ

ಹನ್ನೊಂದು ಸಲ ಸೋತಿದ್ದೆ. ಅಂದಾಜಲ್ಲ, ಡೈರಿಯಲ್ಲಿ ಹನ್ನೊಂದು ಕೆಂಪು ಗೆರೆಗಳಿವೆ.

ನಾನು ಓದಿದ್ದು ಕಂಟ್ರೋಲ್ ಎಂಜಿನಿಯರಿಂಗ್, ಯಂತ್ರಗಳನ್ನು ಹದ ತಪ್ಪದಂತೆ ನಡೆಸುವ ವಿದ್ಯೆ. ಈಗ ಗೋವಾದ ಲ್ಯಾಬೊಂದರಲ್ಲಿ ಯೀಸ್ಟ್ ಪಳಗಿಸುವ ಕೆಲಸ. (ಹೌದು, ಬ್ರೆಡ್ ಉಬ್ಬಿಸುವ ಅದೇ ಯೀಸ್ಟ್.) ನೀಲಿ ಬೆಳಕು ಬಿದ್ದರೆ ಹೊಳೆಯುವ ಪ್ರೋಟೀನ್ ತಯಾರಿಸುವಂತೆ ಅದರ ಜೀನ್ ಬದಲಿಸಿದ್ದೇವೆ. ಆ ಹೊಳಪನ್ನು ಮೀಟರಿನ ಐವತ್ತರ ಅಂಕಿಯಲ್ಲಿ ನಾಲ್ಕು ತಾಸು ನಿಲ್ಲಿಸಬೇಕು. ನಾಳೆ ಇಂಥದೇ ಯೀಸ್ಟ್ ಔಷಧ ತಯಾರಿಸಬೇಕೆಂದರೆ ಅಳತೆ ತಪ್ಪಬಾರದಲ್ಲ?

ಆದರೆ ಅದು ತೊಂಬತ್ತಕ್ಕೆ ಹಾರುತ್ತಿತ್ತು. ಬೆಳಕು ಆರಿಸಿದರೆ ಹತ್ತಕ್ಕೆ ಬೀಳುತ್ತಿತ್ತು. ಶನಿವಾರದೊಳಗೆ ಆಗದಿದ್ದರೆ ಬೆಳಕು ಕೊಟ್ಟು ಹೊಳಪು ಅಳೆಯುವ ಮಶೀನು ಬೇರೆಯವರಿಗೆ ಎಂದರು ನಮ್ಮ ಗೈಡ್.

ಗುರುವಾರ ಸಂಜೆ ರೂಮ್‌ಮೇಟ್ ರೇಣುಕಾ ವೆರ್ಣಾದ ಫ್ಯಾಕ್ಟರಿ ಬಸ್ಸಿಳಿದು ಬಂದಳು. ಗದಗದವಳು, ನಾಲಿಗೆ ಹರಿತ. ಚಹಾ ಕುಡಿಯುತ್ತ ನನ್ನ ಡೈರಿ ಎತ್ತಿಕೊಂಡು ಜೋರಾಗಿ ಓದಿದಳು.

"ಹತ್ತು ಗಂಟೆ, ಬೆಳಕು ಹಾಕಿದೆ. ಹತ್ತೂ ಐದು, ಏರಿಲ್ಲ, ಹೆಚ್ಚಿಸಿದೆ. ಹತ್ತೂ ಹತ್ತು, ಏರಿಲ್ಲ, ಮತ್ತೆ ಹೆಚ್ಚಿಸಿದೆ... ಏನಲೇ ಇದು, ಬೀಗರ ಊಟ ನಡಸಿಯೇನು? ಬಾಯಾಗಿಂದು ಇಳಿಯೂದ್ರಾಗ ಇನ್ನೊಂದು ಹೋಳಿಗಿ!"

"ಏರಲಿಲ್ಲಲ್ಲ, ಏನ್ ಮಾಡ್ಲಿ?"

"ಏರಾಕ ಎಷ್ಟೊತ್ತು ಹಿಡಿತೈತಿ?"

"ಅರ್ಧಾ ತಾಸು."

"ಮತ್ತ ಐದು ನಿಮಿಷಕ್ಕ ಯಾಕ ಮೂಗು ತೂರಿಸ್ತಿ? ಬರಿಯೂದು ಸಾಕು, ಬರದದ್ದು ಓದೂದೂ ಕಲಿ."

ಮೈ ಉರಿಯಿತು. ಏಕೆಂದರೆ ಅವಳು ಹೇಳಿದ್ದು ಖರೇ ಇತ್ತು. ತಡವಾಗಿ ತಟ್ಟುವುದನ್ನು ಅವಸರದಲ್ಲಿ ತಿದ್ದಿದರೆ ಅದು ಉಯ್ಯಾಲೆಯಾಡುತ್ತದೆ. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಪೂರ್ತಿ ಅಂಕ ತೆಗೆದವಳು ನಾನು. (ಧಾರವಾಡದಿಂದ ಅಮ್ಮ ಮೆಸೇಜ್ ಹಾಕಿ, ಎರಡೇ ನಿಮಿಷಕ್ಕೆ ಮೂರು ಪ್ರಶ್ನಾರ್ಥಕ ಚಿಹ್ನೆ ಕಳಿಸಿದರೆ ನಗುವವಳೂ ನಾನೇ.)

ಶುಕ್ರವಾರ ಬೆಳಕಿನ ಸ್ವಿಚ್ಚನ್ನು ನನ್ನ ಕೈಯಿಂದ ಕಿತ್ತು ಪ್ರೋಗ್ರಾಮಿಗೆ ಕೊಟ್ಟೆ. ಕೊಟ್ಟ ಬೆಳಕಿನಲ್ಲಿ ಇನ್ನೂ ಫಲ ಕಾಣದಿರುವುದು ಎಷ್ಟೆಂದು ಅದು ನೆನಪಿಡುತ್ತದೆ, ಉಳಿದ ಕೊರತೆಯನ್ನಷ್ಟೇ ತುಂಬುತ್ತದೆ. ಡೈರಿಯಲ್ಲಿ ಹೊಸ ಕಾಲಂ ಎಳೆದೆ: "ಕೈ ಹಾಕಬೇಕೆನಿಸಿತು, ಹಾಕಲಿಲ್ಲ."

ಶನಿವಾರ ಹೊಳಪು ಅರವತ್ತಕ್ಕೆ ಏರಿ, ಇಳಿದು, ಐವತ್ತರ ಆಸುಪಾಸಿನಲ್ಲಿ ನಿಂತಿತು. ಮೂರು ತಾಸು ಹತ್ತು ನಿಮಿಷ. ಆಮೇಲೆ ಜಾರಿತು.

ಗೈಡ್ ಗ್ರಾಫಿನ ಆ ಮೂರು ತಾಸಿನ ಮೇಲೆ ಬೆರಳಾಡಿಸಿದರು. "ಮಶೀನು ಇನ್ನೊಂದು ವಾರ ಇಟ್ಟುಕೊ" ಎಂದರು.

ಹೊಸ ಕಾಲಮ್ಮಿನಲ್ಲಿ ಹತ್ತೊಂಬತ್ತು ಗೆರೆಗಳಿವೆ. ನಾಲ್ಕು ತಾಸು ಆಗುವವರೆಗೆ ಎಳೆಯುತ್ತಲೇ ಇರುತ್ತೇನೆ.

ನೀವು ಏನನ್ನಾದರೂ ತಿದ್ದಿ, ಅದು ತಟ್ಟುವ ತನಕ ಸುಮ್ಮನೆ ಕೂತು ಎಷ್ಟು ದಿನವಾಯಿತು?